ನರನಾಳವು ಮುಚ್ಚದಿರಲು ಕಾರಣವೇನು?

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದ ಹೆಸರಾದ ಊರು. ಆ ಸೀಮೆಯಲ್ಲಿ ಹೆರಿಗೆ ಕಷ್ಟವೆಂದು ತೋರಿದರೆ, ಅಥವಾ ಹುಟ್ಟಿದ ಕೂಸಿನಲ್ಲಿ ಏನಾದರೊಂದು ಊನವು ಕಂಡುಬಂದರೆ, ಜನರು ದಾವಣಗೆರೆಯ ದಾರಿ ಹಿಡಿಯುವುದು ಬಹುಕಾಲದ ರೂಢಿ. ಹರಪನಹಳ್ಳಿಯು ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ೧೯೯೭ರಿಂದ ೨೦೧೮ರ ವರೆಗೆ ದಾವಣಗೆರೆ ಜಿಲ್ಲೆಯಲ್ಲಿಯೇ ಇದ್ದಿತು. ದಾವಣಗೆರೆಯ ದೊಡ್ಡ ಸರಕಾರಿ ಆಸ್ಪತ್ರೆಯು ಹೊತ್ತಿರುವ ಚಿಗಟೇರಿಯೆಂಬ ಹೆಸರು ಇದೇ ಹರಪನಹಳ್ಳಿ ತಾಲ್ಲೂಕಿನ ಒಂದು ಗ್ರಾಮದ ಹೆಸರು. ಆದುದರಿಂದ ದಾವಣಗೆರೆಯ ಹೆರಿಗೆ ವಾರ್ಡುಗಳಲ್ಲಿ ಕಂಡ ಸಂಗತಿಯು ಆ ಒಂದು ಪಟ್ಟಣದ್ದೆಂದು ಮಾತ್ರ ತಿಳಿಯಬಾರದು. ಅದು ಸುತ್ತಣ ನೂರಾರು ಹಳ್ಳಿಗಳ ಸಂಗತಿಯೂ ಹೌದು.

ಆ ಸಂಗತಿಯು ಯಾವುದೆಂದರೆ: ೧೯೮೦ರ ದಶಕದಲ್ಲಿ ದಾವಣಗೆರೆಯ ಜೆ. ಜೆ. ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞರಾದ ಡಾ. ಎಂ. ಎಲ್. ಕುಲಕರ್ಣಿಯವರೂ ಅವರ ಸಂಗಡಿಗರೂ ಅಲ್ಲಿ ಹುಟ್ಟಿದ ಶಿಶುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮಿದುಳು ಮತ್ತು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಜನಿಸಿದವುಗಳನ್ನು ಎಣಿಸಿದರು. ಸಾವಿರ ಜನನಗಳಿಗೆ ೧೧.೪ ಎಂಬ ಲೆಕ್ಕವು ದೊರೆಯಿತು. ೧೯೮೭ರಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಓದಿದವರು ಬೆರಗಾದುದು ಸಹಜ. ಏಕೆಂದರೆ ಜಗತ್ತಿನಲ್ಲಿ ಎಲ್ಲಿಯೇ ಆಗಲಿ, ಇಷ್ಟು ದೊಡ್ಡ ಪ್ರಮಾಣವು ವರದಿಯಾಗಿರುವುದು ಅಪರೂಪ. ಭಾರತದ ಹಲವು ಅಧ್ಯಯನಗಳನ್ನು ಕೂಡಿಸಿ ಮುಂದೆ ಮಾಡಿದ ಲೆಕ್ಕದಲ್ಲಿ ಈ ಊನವು ಸಾವಿರಕ್ಕೆ ನಾಲ್ಕು ಐದರಷ್ಟು ಬಂದಿರುವುದು. ಅಮೆರಿಕದಲ್ಲಿ ಈಗ ಸಾವಿರಕ್ಕೆ ಒಂದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಿಬಿಡಬೇಕು. ಆಸ್ಪತ್ರೆಯ ಲೆಕ್ಕವೂ ಊರಿನ ಲೆಕ್ಕವೂ ಒಂದೇ ಅಲ್ಲ. ಆ ಕಾಲದಲ್ಲಿ ಸುಲಭವಾದ ಹೆರಿಗೆಗಳು ಬಹುಮಟ್ಟಿಗೆ ಮನೆಯಲ್ಲಿಯೇ ಆಗುತ್ತಿದ್ದು, ತೊಡಕಿನವು ಮಾತ್ರ ಆಸ್ಪತ್ರೆಗೆ ಬರುತ್ತಿದ್ದುದರಿಂದ, ಊನವುಳ್ಳ ಶಿಶುಗಳ ಪಾಲು ಅಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ ತೋರಿರಬಹುದು. ಹಾಗೆಂದು ಆ ಅಂಕಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಅರ್ಧಕ್ಕೆ ಇಳಿಸಿ ನೋಡಿದರೂ ಅದು ದೊಡ್ಡದೇ.

ಈ ಊನದಲ್ಲಿ ಎರಡು ಬಗೆಗಳು ಮುಖ್ಯವಾದುವು. ಮೊದಲನೆಯದರಲ್ಲಿ ತಲೆಬುರುಡೆಯ ಮೇಲ್ಭಾಗವೂ ಮಿದುಳಿನ ಬಹುಭಾಗವೂ ಬೆಳೆದಿರುವುದಿಲ್ಲ. ಇಂತಹ ಶಿಶುವು ಹುಟ್ಟುವ ಮೊದಲೇ, ಇಲ್ಲವೆ ಹುಟ್ಟಿದ ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಅಸುನೀಗುವುದು. ವೈದ್ಯರು ಇದನ್ನು ಅನೆನ್ಸೆಫಲಿ ಎನ್ನುವರು. ಎರಡನೆಯದು ಸ್ಪೈನಾ ಬೈಫಿಡಾ; ಇದರಲ್ಲಿ ಬೆನ್ನುಮೂಳೆಯ ಒಂದೆಡೆ ಕಮಾನು ಕೂಡಿಕೊಳ್ಳದೆ, ಬೆನ್ನುಹುರಿಯು ಸೀಳಿನಿಂದ ಹೊರಕ್ಕೆ ಗುಳ್ಳೆಯಂತೆ ಉಬ್ಬಿರುವುದು. ಶಸ್ತ್ರಚಿಕಿತ್ಸೆಯಿಂದ ಈ ಮಕ್ಕಳಲ್ಲಿ ಅನೇಕರು ಬದುಕುವರು, ಓದುವರು, ಉದ್ಯೋಗ ಮಾಡುವರು. ಆದರೆ ಸೀಳಿನ ಕೆಳಗಿನ ನರಗಳು ಕೆಟ್ಟಿರುವುದರಿಂದ ಕಾಲುಗಳಲ್ಲಿ ಬಲವಿಲ್ಲದಿರುವುದು, ಮೂತ್ರದ ಮೇಲೆ ಹಿಡಿತವಿಲ್ಲದಿರುವುದು, ತಲೆಯಲ್ಲಿ ನೀರು ತುಂಬುವುದು ಮುಂತಾದ ತೊಂದರೆಗಳು ಜೀವಮಾನವೆಲ್ಲ ಉಳಿಯಬಹುದು.

ಇಂತಹ ಕೂಸು ಹುಟ್ಟಿದ ಮನೆಯಲ್ಲಿ ಹೆತ್ತವಳಿಗೆ ಮೊದಲು ಕೇಳಿಬರುವ ಪ್ರಶ್ನೆಯು ವಾಚಕರಿಗೆ ಗೊತ್ತಿರದೆ ಇಲ್ಲ. ಗ್ರಹಣದ ಹೊತ್ತಿನಲ್ಲಿ ಏನನ್ನು ಕೊಯ್ದೆ? ಹೊರಗೇಕೆ ಬಂದೆ? ಯಾರ ಕಣ್ಣಿಗೆ ಬಿದ್ದೆ? ಒಂಬತ್ತು ತಿಂಗಳು ಹೊತ್ತು ನೊಂದವಳ ಮೇಲೆಯೇ ಅಪರಾಧವೂ ಹೊರಿಸಲ್ಪಡುವುದು. ವಿಜ್ಞಾನವು ಈ ಪ್ರಶ್ನೆಗೆ ಏನನ್ನು ಉತ್ತರವಾಗಿ ಕೊಡುವುದೆಂಬುದನ್ನು ತಿಳಿಯಲು ನಾವು ಗರ್ಭದ ಮೊದಲ ನಾಲ್ಕು ವಾರಗಳಿಗೆ ಹೋಗಬೇಕಾಗಿದೆ.

ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣವು ಕೇವಲ ಒಂದೆರಡು ಮಿಲಿಮೀಟರು ಉದ್ದದ ಚಪ್ಪಟೆಯಾದ ತಟ್ಟೆಯಾಗಿರುವುದು. ಅದರ ಬೆನ್ನಿನ ಕಡೆಯಲ್ಲಿ ಜೀವಕೋಶಗಳ ಒಂದು ಪಟ್ಟಿಯು ದಪ್ಪವಾಗುತ್ತದೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗತಕ್ಕದ್ದು ಈ ಪಟ್ಟಿಯೇ. ಮೆತ್ತನೆಯ ಜೋಳದ ರೊಟ್ಟಿಯ ನಡುವೆ ಪಲ್ಯವಿಟ್ಟು ಅದರ ಎರಡು ಅಂಚುಗಳನ್ನೂ ಮೇಲಕ್ಕೆತ್ತಿ ಕೂಡಿಸುವುದನ್ನು ನೆನೆದುಕೊಳ್ಳಿರಿ. ಹಾಗೆಯೇ ಈ ಪಟ್ಟಿಯ ಎರಡು ಅಂಚುಗಳು ಮೇಲೆದ್ದು, ಒಂದರ ಕಡೆಗೊಂದು ಬಾಗಿ, ಸುಮಾರು ೨೨ನೆಯ ದಿನ ಕುತ್ತಿಗೆಯ ಭಾಗದಲ್ಲಿ ಮೊದಲು ಕೂಡಿಕೊಳ್ಳುವುವು. ಅಲ್ಲಿಂದ ಬೆಸುಗೆಯು ತಲೆಯ ಕಡೆಗೂ ಬಾಲದ ಕಡೆಗೂ ಹರಿಯುತ್ತ ಹೋಗುವುದು. ಹೀಗೆ ಉಂಟಾಗುವ ಕೊಳವೆಗೆ ನರನಾಳವೆಂದು ಹೆಸರು. ತಲೆಯ ತುದಿಯು ಸುಮಾರು ೨೫ನೆಯ ದಿನ, ಕೆಳತುದಿಯು ೨೭ ಅಥವಾ ೨೮ನೆಯ ದಿನ ಮುಚ್ಚಿಕೊಳ್ಳುವುವು. ಮೇಲಿನ ತುದಿಯು ಮುಚ್ಚದೆ ಹೋದರೆ ಅನೆನ್ಸೆಫಲಿಯೂ, ಕೆಳಗಿನದು ಮುಚ್ಚದೆ ಹೋದರೆ ಸ್ಪೈನಾ ಬೈಫಿಡಾವೂ ಉಂಟಾಗುವುವು.

ಈಗ ತಾಯಿಯ ಕಡೆಯಿಂದ ದಿನಗಳನ್ನು ಎಣಿಸೋಣ. ಗರ್ಭಾಂಕುರವಾಗಿ ಹದಿನಾಲ್ಕು ದಿನಗಳಾದ ಮೇಲೆ ಅವಳ ಮುಟ್ಟು ನಿಲ್ಲುವುದು. ನಾಲ್ಕಾರು ದಿನ ಹಿಂದುಮುಂದಾಗುವುದು ಸಾಮಾನ್ಯವಾದುದರಿಂದ ಅವಳು ಮತ್ತೊಂದು ವಾರ ಕಾಯುವಳು. ಅತ್ತೆಗೋ ಗಂಡನಿಗೋ ಹೇಳಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಯಿಸಿ ತಾಯಿ ಕಾರ್ಡು ಪಡೆಯುವ ಹೊತ್ತಿಗೆ ಎರಡನೆಯ ತಿಂಗಳೋ ಮೂರನೆಯ ತಿಂಗಳೋ ನಡೆಯುತ್ತಿರುವುದು. ಆದರೆ ನರನಾಳವು ಮುಚ್ಚಿಕೊಳ್ಳಬೇಕಾದುದು ಮುಟ್ಟು ತಪ್ಪಿದ ಎರಡೇ ವಾರಗಳೊಳಗಾಗಿ! ತಾನು ಗರ್ಭಿಣಿಯೆಂದು ಅವಳಿಗೆ ಖಚಿತವಾಗುವುದಕ್ಕೆ ಮುಂಚೆಯೇ ಆಗಬೇಕಾದುದು ಆಗಿಹೋಗಿರುತ್ತದೆ.

ಈ ಒಂದು ಅಂಶವನ್ನು ಕೈಯಲ್ಲಿ ಹಿಡಿದುಕೊಂಡರೆ ಅದು ನಮಗೆ ಜರಡಿಯಂತೆ ಉಪಯೋಗವಾಗುವುದು. ನರನಾಳದ ಊನಕ್ಕೆ ಕಾರಣವೆಂದು ಯಾರಾದರೂ ಏನನ್ನಾದರೂ ಹೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ಅದು ೨೮ನೆಯ ದಿನಕ್ಕೆ ಮುಂಚೆ ನಡೆದುದೇ? ಗ್ರಹಣದ ಕಟ್ಟುಪಾಡುಗಳನ್ನು ಹೊಟ್ಟೆ ಕಾಣಿಸಿಕೊಂಡ ಗರ್ಭಿಣಿಯರಿಗೆ ವಿಧಿಸುವರಷ್ಟೆ. ಐದು ಆರು ತಿಂಗಳ ಬಸುರಿಯಲ್ಲಿ ನರನಾಳವು ಮುಚ್ಚಿ ಎಷ್ಟೋ ಕಾಲವಾಗಿರುತ್ತದೆ. ಅಂದು ಅವಳು ಕೊಯ್ದ ಬದನೆಕಾಯಿಯು ಹಿಂದಿನ ಕಾಲಕ್ಕೆ ಹೋಗಿ ಆ ಬೆಸುಗೆಯನ್ನು ಬಿಚ್ಚಲಾರದು. ಅದೂ ಅಲ್ಲದೆ, ಗ್ರಹಣವೇ ಕಾರಣವಾಗಿದ್ದರೆ ಗ್ರಹಣ ಕಾಣದ ವರ್ಷಗಳಲ್ಲಿ ಇಂತಹ ಶಿಶುಗಳು ಹುಟ್ಟಲೇ ಬಾರದಾಗಿತ್ತು. ೧೯೮೦ರ ಫೆಬ್ರುವರಿ ೧೬ರ ಸೂರ್ಯಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆಯೇ ಹಾದುಹೋಯಿತು. ಆದರೆ ಗ್ರಹಣದ ನೆರಳೇ ಬೀಳದ ವರ್ಷಗಳಲ್ಲಿಯೂ ಇಂತಹ ಜನನಗಳು ಆಗುತ್ತಲೇ ಇರುವುವು.

ನಮ್ಮ ಹಳ್ಳಿಗರು ಮಾತ್ರ ಹೀಗೆ ತಪ್ಪಿದರೆಂದು ನಗಬೇಕಾದುದಿಲ್ಲ. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿಯೂ ಐರ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಈ ಊನವು ಬಹಳವಾಗಿದ್ದಿತು. ೧೯೭೨ರಲ್ಲಿ ಜೇಮ್ಸ್ ರೆನ್‌ವಿಕ್ ಎಂಬ ವಿದ್ವಾಂಸರು, ರೋಗ ತಗುಲಿದ ಆಲೂಗಡ್ಡೆಯನ್ನು ತಿನ್ನುವುದೇ ಇದಕ್ಕೆ ಕಾರಣವೆಂದು ವಾದಿಸಿದರು. ವಾದವು ಸೊಗಸಾಗಿದ್ದಿತು, ಆಲೂಗಡ್ಡೆಯ ರೋಗವಿದ್ದ ಪ್ರದೇಶಗಳೂ ಊನವು ಹೆಚ್ಚಾಗಿದ್ದ ಪ್ರದೇಶಗಳೂ ಹೊಂದಿಕೊಳ್ಳುತ್ತಿದ್ದುವು. ಆದರೆ ಹಿಂದೆ ಇಂತಹ ಶಿಶುವನ್ನು ಹೆತ್ತ ಹೆಂಗಸರು ಆಲೂಗಡ್ಡೆಯನ್ನು ಬಿಟ್ಟು ನೋಡಿದಾಗ ಊನವು ಮರುಕಳಿಸುವುದು ತಪ್ಪಲಿಲ್ಲ. ಎರಡು ಸಂಗತಿಗಳು ಒಂದೇ ನಾಡಿನಲ್ಲಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಈ ಪಾಠವು ಮುಂದೆ ನಮಗೆ ಬೇಕಾಗುವುದು.

ಇಷ್ಟಾದರೂ ಆಹಾರವನ್ನು ಸಂಶಯಿಸಿದ್ದು ಸರಿಯೇ ಆಗಿದ್ದಿತು. ಆದರೆ ತಿಂದುದರಲ್ಲಿ ದೋಷವಿದ್ದುದಕ್ಕಿಂತ ಮಿಗಿಲಾಗಿ, ತಿನ್ನದೆ ಹೋದುದರಲ್ಲಿ ದೋಷವಿದ್ದಿತು. ಈ ಕಥೆಯು ಪ್ರಾರಂಭವಾಗುವುದು ನಮ್ಮ ಮುಂಬಯಿಯಲ್ಲಿ.

೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿದರು. ಈ ರೋಗದಲ್ಲಿ ರಕ್ತದ ಕೆಂಪುಕಣಗಳು ಸಂಖ್ಯೆಯಲ್ಲಿ ಕಡಮೆಯಾಗಿ, ಗಾತ್ರದಲ್ಲಿ ದೊಡ್ಡವಾಗಿರುವುವು. ಕಬ್ಬಿಣ ಕೊಟ್ಟರೆ ಗುಣವಾಗದು. ಮಾರ್ಮೈಟ್ ಎಂಬ ಅಗ್ಗವಾದ ಯೀಸ್ಟಿನ ಸಾರವನ್ನು ಕೊಟ್ಟಾಗ ಗುಣವಾಯಿತು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ ಕೆಲವು ಕಾಲ 'ವಿಲ್ಸ್ ಅಂಶ'ವೆಂದೇ ಹೆಸರಿದ್ದಿತು. ೧೯೪೧ರಲ್ಲಿ ಅಮೆರಿಕದ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪಿನಿಂದ ಅತ್ಯಲ್ಪ ಪ್ರಮಾಣದಲ್ಲಿ ಇಂತಹ ವಸ್ತುವೊಂದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ೧೯೪೫ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿದ ಲೆಡರ್ಲೆ ಸಂಸ್ಥೆಯ ತಂಡಕ್ಕೆ ಮುಂದಾಳಾಗಿದ್ದವರು ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಅವರು ೧೯೪೮ರಲ್ಲಿ ತೀರಿಕೊಂಡರು. ತಮ್ಮ ಆಮ್ಲವು ಮಕ್ಕಳ ಬೆನ್ನುಹುರಿಯನ್ನು ಕಾಪಾಡೀತೆಂಬುದು ಅವರಿಗೆ ತಿಳಿಯುವ ಸಂಭವವೇ ಇರಲಿಲ್ಲ.

ಫೋಲಿಕ್ ಆಮ್ಲದ ಕೆಲಸವೇನು? ಜೀವಕೋಶವು ಒಂದು ಎರಡಾಗಬೇಕಾದರೆ ಅದರೊಳಗಿನ ಡಿ.ಎನ್.ಎ.ಯೂ ಇಮ್ಮಡಿಯಾಗಬೇಕು. ಆ ಡಿ.ಎನ್.ಎ.ಯನ್ನು ಕಟ್ಟಲು ಬೇಕಾದ ಇಂಗಾಲದ ಕೆಲವು ಪರಮಾಣುಗಳನ್ನು ಒಂದೊಂದಾಗಿ ಹೊತ್ತು ತಂದು ಒಪ್ಪಿಸುವ ಕೂಲಿಯಾಳು ಇದು. ಆಳು ಸಾಲದಿದ್ದರೆ ಕಟ್ಟಡವು ತಡವಾಗುವುದು. ದೇಹದಲ್ಲಿ ಎಲ್ಲೆಲ್ಲಿ ಕೋಶಗಳು ಬಹುಬೇಗನೆ ಇಮ್ಮಡಿಸುತ್ತಿರುವುವೋ ಅಲ್ಲಲ್ಲಿ ಕೊರತೆಯು ಮೊದಲು ತೋರುವುದು. ರಕ್ತವನ್ನು ಹುಟ್ಟಿಸುವ ಮಜ್ಜೆಯಲ್ಲಿ ತೋರಿದಾಗ ಅದು ವಿಲ್ಸ್ ಕಂಡ ರಕ್ತಹೀನತೆ. ಮೇಲೆದ್ದು ಕೂಡಿಕೊಳ್ಳಬೇಕಾದ ನರಪಟ್ಟಿಯ ಅಂಚುಗಳಲ್ಲಿ ತೋರಿದರೆ, ಆ ಅಂಚುಗಳು ಗೊತ್ತಾದ ದಿನದೊಳಗೆ ಒಂದನ್ನೊಂದು ಮುಟ್ಟಲಾರವು. ೧೯೫೦ರ ದಶಕದ ಆರಂಭದಲ್ಲಿಯೇ, ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧಿಯನ್ನು ಗರ್ಭಿಣಿಯರಿಗೆ ಕೊಟ್ಟಾಗ ಭ್ರೂಣಗಳು ವಿಕಾರಗೊಂಡುದನ್ನು ವೈದ್ಯರು ಕಂಡಿದ್ದರು. ಸೂಚನೆಯು ಕಣ್ಣೆದುರಿಗೇ ಇದ್ದಿತು.

೧೯೬೫ರಲ್ಲಿ ಲಿವರ್‌ಪೂಲಿನ ಹಿಬ್ಬರ್ಡ್ ಮತ್ತು ಸ್ಮಿದೆಲ್ಸ್ ಎಂಬ ವೈದ್ಯರು, ಊನವುಳ್ಳ ಶಿಶುಗಳನ್ನು ಹೆತ್ತವರಲ್ಲಿ ಫೋಲೇಟಿನ ಕೊರತೆಯು ಹೆಚ್ಚಾಗಿ ತೋರುವುದೆಂದು ಪ್ರಕಟಿಸಿದರು. ಸ್ಮಿದೆಲ್ಸ್ ಮುಂದೆ ಹೋಗಿ, ಒಮ್ಮೆ ಇಂತಹ ಶಿಶುವನ್ನು ಹೆತ್ತು ಮತ್ತೆ ಗರ್ಭವನ್ನು ಬಯಸುವ ಹೆಂಗಸರಿಗೆ ಮೊದಲಿನಿಂದಲೇ ಜೀವಸತ್ವಗಳ ಮಾತ್ರೆ ಕೊಟ್ಟು ನೋಡಲು ಉದ್ಯುಕ್ತರಾದರು. ಶಾಸ್ತ್ರೀಯವಾಗಿ ಮಾಡಬೇಕಾದರೆ ಚೀಟಿಯೆತ್ತಿದಂತೆ ಅರ್ಧ ಮಂದಿಗೆ ನಿಜವಾದ ಮಾತ್ರೆಯನ್ನೂ ಉಳಿದರ್ಧಕ್ಕೆ ಸತ್ತ್ವವಿಲ್ಲದ ಮಾತ್ರೆಯನ್ನೂ ಕೊಡಬೇಕು. ಗರ್ಭಿಣಿಯರಿಗೆ ಸುಳ್ಳು ಮಾತ್ರೆಯೇ ಎಂದು ಆಸ್ಪತ್ರೆಗಳ ನೀತಿಸಮಿತಿಗಳು ಒಪ್ಪಲಿಲ್ಲ. ಆಗ ಅವರು, ಈಗಾಗಲೇ ಗರ್ಭಿಣಿಯರಾಗಿ ತಡವಾಗಿ ಬಂದವರೊಡನೆ ಹೋಲಿಸಿ ನೋಡಬೇಕಾಯಿತು. ೧೯೮೦ರಲ್ಲಿ ಪ್ರಕಟವಾದ ಫಲಿತಾಂಶವು ಆಶ್ಚರ್ಯಕರವಾಗಿದ್ದಿತು: ಮಾತ್ರೆಯಿಲ್ಲದವರಲ್ಲಿ ನೂರಕ್ಕೆ ೫ ಮಂದಿಗೆ ಊನವು ಮರುಕಳಿಸಿದರೆ, ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಒಂದೂ ಇಲ್ಲ. ಆದರೆ ಟೀಕಾಕಾರರು ಸುಮ್ಮನಿರಲಿಲ್ಲ. ಮೊದಲೇ ವೈದ್ಯರ ಬಳಿಗೆ ಬರುವವರು ತಿಳಿವಳಿಕಸ್ಥರು, ಒಳ್ಳೆಯ ಊಟ ಉಣ್ಣುವವರು. ಗುಣವು ಮಾತ್ರೆಯದೋ ಊಟದ್ದೋ ಹೇಗೆ ಹೇಳುವಿರಿ ಎಂದು ಅವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಆದರೆ ಆ ನ್ಯಾಯವಾದ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಇನ್ನೂ ಹನ್ನೊಂದು ವರ್ಷಗಳು ಹಿಡಿದುವು. ಆ ಹನ್ನೊಂದು ವರ್ಷಗಳಲ್ಲಿ ಹುಟ್ಟಿದ ಮಕ್ಕಳನ್ನು ನೆನೆದರೆ, ಸಮಿತಿಗಳ ದಯೆಯು ಯಾರಿಗೆ ದಯೆಯಾಯಿತೆಂದು ಈ ಲೇಖಕನಿಗೆ ಸಂಶಯ ಬರುವುದು.

ಕೊನೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ಏಳು ದೇಶಗಳ ೩೩ ಕೇಂದ್ರಗಳಲ್ಲಿ ಸರಿಯಾದ ಪರೀಕ್ಷೆಯನ್ನು ನಡೆಯಿಸಿತು. ಫೋಲಿಕ್ ಆಮ್ಲವನ್ನು ದಿನಕ್ಕೆ ೪ ಮಿಲಿಗ್ರಾಂ ತೆಗೆದುಕೊಂಡವರಲ್ಲಿ ೬ ಊನಗಳೂ, ತೆಗೆದುಕೊಳ್ಳದವರಲ್ಲಿ ೨೧ ಊನಗಳೂ ಕಂಡುಬಂದುವು. ನೂರಕ್ಕೆ ೭೨ರಷ್ಟು ಇಳಿತ! ಉಳಿದ ಜೀವಸತ್ವಗಳಿಂದ ಇಂತಹ ಪ್ರಯೋಜನವೇನೂ ತೋರಲಿಲ್ಲ. ೧೯೯೧ರಲ್ಲಿ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿ ಫಲವನ್ನು ಸಾರಿದರು. ಹಿಂದೆ ಊನದ ಶಿಶುವನ್ನು ಹೆರದವರಿಗೂ ಇದರಿಂದ ಲಾಭವುಂಟೆಂಬುದು ಮರುವರ್ಷವೇ ಹಂಗೆರಿಯಲ್ಲಿ ಸಿದ್ಧವಾಯಿತು. ಚೀನದಲ್ಲಿ ಎರಡು ಲಕ್ಷಕ್ಕೂ ಮಿಕ್ಕು ಹೆಂಗಸರನ್ನು ಕುರಿತು ನಡೆದು ೧೯೯೯ರಲ್ಲಿ ಪ್ರಕಟವಾದ ಅಧ್ಯಯನವು ನಮಗೆ ಇನ್ನೂ ಹತ್ತಿರದ್ದು. ಊನವು ಬಹಳವಾಗಿದ್ದ ಉತ್ತರ ಚೀನದಲ್ಲಿ, ದಿನಕ್ಕೆ ಕೇವಲ ೪೦೦ ಮೈಕ್ರೋಗ್ರಾಂ ಮಾತ್ರೆಯಿಂದ ಸಾವಿರಕ್ಕೆ ೪.೮ ಇದ್ದುದು ೧.೦ಕ್ಕೆ ಇಳಿಯಿತು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎಲ್ಲಿ ಊನವು ಹೆಚ್ಚೋ ಅಲ್ಲಿ ಲಾಭವೂ ಹೆಚ್ಚೆಂಬುದು ಇದರಿಂದ ವಿದಿತವಾಗುವುದು. ಭಾರತದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಇಂತಹುದೇ ಪರೀಕ್ಷೆಯನ್ನು ಕೈಗೊಂಡಿದ್ದಿತು. ಬ್ರಿಟನ್ನಿನ ಫಲವು ಹೊರಬಿದ್ದೊಡನೆ ಅದನ್ನೂ ನಿಲ್ಲಿಸಿದುದರಿಂದ ಸಂಖ್ಯೆಗಳು ಸಣ್ಣವಾಗಿಯೇ ಉಳಿದುವು: ಊನವು ಮರುಕಳಿಸಿದ್ದು ಮಾತ್ರೆಯಿಲ್ಲದವರಲ್ಲಿ ನೂರಕ್ಕೆ ಸುಮಾರು ೭, ಮಾತ್ರೆಯುಳ್ಳವರಲ್ಲಿ ಸುಮಾರು ೩. ಇಷ್ಟು ಸಣ್ಣ ಸಂಖ್ಯೆಗಳಿಂದ ಆಕಸ್ಮಿಕವನ್ನು ಪೂರ್ಣವಾಗಿ ತಳ್ಳಿಹಾಕಲಾಗದಿದ್ದರೂ ದಿಕ್ಕು ಅದೇ.

ಹಾಗಾದರೆ ಫೋಲೇಟಿನ ಕೊರತೆಯೊಂದೇ ಕಾರಣವೇ? ಅಲ್ಲ. ನೂರಕ್ಕೆ ೭೨ ಇಳಿದರೆ ೨೮ ಉಳಿಯಿತಲ್ಲ. ಉಳಿದ ಕಾರಣಗಳನ್ನೂ ನಮ್ಮ ಜರಡಿಯಲ್ಲಿ ಹಾಕಿ ನೋಡೋಣ.

ಗರ್ಭಕ್ಕೆ ಮುಂಚಿನಿಂದಲೂ ತಾಯಿಗೆ ಮಧುಮೇಹವಿದ್ದು ಸಕ್ಕರೆಯು ಹತೋಟಿಯಲ್ಲಿಲ್ಲದಿದ್ದರೆ ಊನದ ಸಂಭವವು ಹಲವು ಪಟ್ಟು ಹೆಚ್ಚುವುದು. ಮೈ ಮಿತಿಮೀರಿ ದಪ್ಪವಾಗಿದ್ದರೂ, ಮೊದಲ ವಾರಗಳಲ್ಲಿ ತೀವ್ರವಾದ ಜ್ವರ ಬಂದರೂ ಸುಮಾರು ಇಮ್ಮಡಿಯಾಗುವುದು. ಅಪಸ್ಮಾರಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಎಂಬ ಔಷಧಿಯನ್ನು ಸೇವಿಸುತ್ತಿರುವ ತಾಯಂದಿರ ಶಿಶುಗಳಲ್ಲಿ ನೂರಕ್ಕೆ ಒಂದೆರಡಕ್ಕೆ ಸ್ಪೈನಾ ಬೈಫಿಡಾ ಕಾಣುವುದು. ಇದನ್ನು ಮೊದಲು ಗುರುತಿಸಿದುದು ೧೯೮೨ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ. ಇದನ್ನು ಓದಿ ಯಾರೂ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಅಪಸ್ಮಾರವು ಮರಳಿ ಬಂದರೆ ಪ್ರಾಣಕ್ಕೇ ಅಪಾಯ. ಮದುವೆಗೆ ಮುಂಚೆಯೇ ವೈದ್ಯರನ್ನು ಕಂಡರೆ ಅವರು ಬೇರೆ ಔಷಧಿಗೆ ಬದಲಾಯಿಸಬಲ್ಲರು. ಹಾಲು ಮೊಸರು ಮಾಂಸಗಳು ದುರ್ಲಭವಾದ ಮನೆಗಳಲ್ಲಿ ಬಿ-೧೨ ಎಂಬ ಜೀವಸತ್ವದ ಕೊರತೆಯೂ ಸೇರಿಕೊಳ್ಳುವುದು. ಅದು ಫೋಲೇಟಿನ ಜೊತೆಗಾರ, ಅದಿಲ್ಲದೆ ಫೋಲೇಟಿನ ಕೆಲಸವೂ ಅರೆಯಾಗುವುದು.

ಆನುವಂಶಿಕ ಕಾರಣವೂ ಉಂಟು. ದಾವಣಗೆರೆಯ ವೈದ್ಯರು ತಮ್ಮ ಲೇಖನಗಳಲ್ಲಿ ರಕ್ತಸಂಬಂಧದ ಮದುವೆಗಳ ಪ್ರಶ್ನೆಯನ್ನೂ ಎತ್ತಿದ್ದಾರೆ. ನಮ್ಮಲ್ಲಿ ಹೆಣ್ಣನ್ನು ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ಪದ್ಧತಿಯಿರುವುದಷ್ಟೆ. ಒಬ್ಬ ಪೂರ್ವಜನಿಂದ ಬಂದ ಒಂದೇ ವಂಶವಾಹಿಯ ಎರಡು ಪ್ರತಿಗಳು ಶಿಶುವಿನಲ್ಲಿ ಕೂಡಿಕೊಳ್ಳುವ ಸಂಭವವು ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು, ಸೋದರತ್ತೆಯ ಮಗನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇಂತಹ ಮದುವೆಗಳಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುವರೆಂಬುದನ್ನೂ ಹೇಳಬೇಕು. ನರನಾಳದ ಊನವು ಒಂದೇ ವಂಶವಾಹಿಯಿಂದ ಬರುವ ರೋಗವಲ್ಲ. ಫೋಲೇಟನ್ನು ಬಳಸಿಕೊಳ್ಳುವ ಕಿಣ್ವಗಳು ಹುಟ್ಟಿನಿಂದಲೇ ನಿಧಾನವಾಗಿರುವವರಿಗೆ ಅದು ಇತರರಿಗಿಂತ ಹೆಚ್ಚಾಗಿ ಬೇಕಾಗುವುದು. ಊಟದಲ್ಲಿ ಅದು ಕಡಮೆಯಾದಾಗ ಮೊದಲು ಸೋಲುವವರು ಅವರೇ. ಒಂದೊಂದೂ ಪ್ರತ್ಯೇಕವಾಗಿ ಸಣ್ಣದಾದ ಕಾರಣಗಳು ಒಟ್ಟುಗೂಡಿ ಒಂದು ಮಿತಿಯನ್ನು ದಾಟಿದಾಗ ಬೆಸುಗೆಯು ತಪ್ಪುವುದು.

ಇನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸತಕ್ಕ ಒಂದು ವಿಷಯವುಂಟು. ೧೯೯೧ರ ಏಪ್ರಿಲಿನಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಗಡಿಯೂರಾದ ಬ್ರೌನ್ಸ್‌ವಿಲ್‌ನ ಒಂದೇ ಆಸ್ಪತ್ರೆಯಲ್ಲಿ, ೩೬ ಗಂಟೆಗಳೊಳಗೆ ಮೂರು ಅನೆನ್ಸೆಫಲಿಯ ಶಿಶುಗಳು ಹುಟ್ಟಿದುವು. ಕೀಟನಾಶಕವೇ, ಕಾರ್ಖಾನೆಯ ಹೊಗೆಯೇ ಎಂದು ಎಲ್ಲರೂ ಹುಡುಕಿದರು. ಕೆಲವು ಸಂಶೋಧಕರ ದೃಷ್ಟಿಯು ಅಲ್ಲಿಯ ಮೆಕ್ಸಿಕನ್ ಮೂಲದವರು ದಿನವೂ ತಿನ್ನುವ ಟೋರ್ಟಿಯಾ ಎಂಬ ಮೆಕ್ಕೆಜೋಳದ ರೊಟ್ಟಿಯ ಮೇಲೆ ಬಿದ್ದಿತು. ಅದಕ್ಕೆ ಸ್ವಲ್ಪ ಮುಂಚಿನ ಬೆಳೆಯಲ್ಲಿ ಫ್ಯುಸೇರಿಯಂ ಎಂಬ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ಟೆಕ್ಸಸಿನ ಕುದುರೆಗಳು ಮಿದುಳಿನ ರೋಗದಿಂದ ಸತ್ತಿದ್ದುವು. ಈ ಬೂಷ್ಟು ಸ್ರವಿಸುವ ಫ್ಯುಮೋನಿಸಿನ್ ಎಂಬ ವಿಷವನ್ನು ೧೯೮೮ರಲ್ಲಿ ದಕ್ಷಿಣ ಆಫ್ರಿಕದವರು ಗುರುತಿಸಿದ್ದರು. ಜೀವಕೋಶದ ಹೊರಪೊರೆಯಲ್ಲಿ ಫೋಲೇಟನ್ನು ಒಳಕ್ಕೆ ಬಿಟ್ಟುಕೊಳ್ಳುವ ಬಾಗಿಲುಗಳಿರುವುವು. ಫ್ಯುಮೋನಿಸಿನ್ ಆ ಪೊರೆಯ ಕೊಬ್ಬನ್ನು ಕೆಡಿಸಿ ಬಾಗಿಲನ್ನು ಜಖಂ ಮಾಡುವುದು. ಗರ್ಭಿಣಿಯಾದ ಇಲಿಗಳಿಗೆ ಅದನ್ನು ಚುಚ್ಚಿದಾಗ ಮರಿಗಳಲ್ಲಿ ನರನಾಳದ ಊನಗಳು ಕಂಡುಬಂದುವು. ಜೊತೆಯಲ್ಲಿ ಫೋಲೇಟನ್ನು ಕೊಟ್ಟಾಗ ಕಡಮೆಯಾದುವು. ೨೦೦೬ರಲ್ಲಿ ಪ್ರಕಟವಾದ ಗಡಿನಾಡಿನ ಅಧ್ಯಯನವು, ತಿಂದ ಟೋರ್ಟಿಯಾದ ಮೂಲಕ ಒಳಹೊಕ್ಕ ವಿಷವು ಮಧ್ಯಮ ಪ್ರಮಾಣದವರೆಗೆ ಹೆಚ್ಚಿದಂತೆ ಊನದ ಸಂಭವವೂ ಹೆಚ್ಚಿತೆಂದು ತೋರಿಸಿತು.

ಟೆಕ್ಸಸಿಗೂ ದಾವಣಗೆರೆಗೂ ಏನು ಸಂಬಂಧ? ದಾವಣಗೆರೆ ಹರಪನಹಳ್ಳಿಗಳ ಸುತ್ತಿನ ಹೊಲಗಳು ಇಂದು ಕರ್ನಾಟಕದ ಮೆಕ್ಕೆಜೋಳದ ಕಣಜ. ಜೋಳವಂತೂ ಅಲ್ಲಿಯ ಊಟವೇ. ೧೯೯೫ರಲ್ಲಿ ಕರ್ನಾಟಕ ಆಂಧ್ರಗಳ ದಖನ್ ಪ್ರದೇಶದಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳವನ್ನೂ ಮೆಕ್ಕೆಜೋಳವನ್ನೂ ತಿಂದು ಹಲವು ಹಳ್ಳಿಗಳ ಜನರು ಹೊಟ್ಟೆನೋವು ಭೇದಿಗಳಿಂದ ನರಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆ ಕಾಳುಗಳಲ್ಲಿ ಕಂಡುಹಿಡಿದ ವಿಷವು ಇದೇ ಫ್ಯುಮೋನಿಸಿನ್. ವಿಷವು ನಮ್ಮ ನಾಡಿನ ಕಾಳಿನಲ್ಲಿ ಹುಟ್ಟಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ಆದರೆ ಆಲೂಗಡ್ಡೆಯ ಪಾಠವನ್ನು ಇಲ್ಲಿ ನೆನೆಯಬೇಕು. ನಮ್ಮ ಮೆಕ್ಕೆಜೋಳದ ಬಹುಭಾಗವು ಕೋಳಿಗಳ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುವುದೇ ಹೊರತು, ಟೆಕ್ಸಸಿನವರಂತೆ ನಾವು ಅದನ್ನು ಮೂರು ಹೊತ್ತೂ ಉಣ್ಣುವುದಿಲ್ಲ. ಆದುದರಿಂದ ದಾವಣಗೆರೆಯ ಅಂಕಿಗೂ ಈ ವಿಷಕ್ಕೂ ಗಂಟು ಹಾಕುವುದು ಸರಿಯಲ್ಲ. ಬೂಷ್ಟು ಹಿಡಿದ ಜೋಳವನ್ನು ಒಣಗಿಸಿ ಗಿರಣಿಗೆ ಕಳುಹಿಸಿದರೆ ಆಯಿತೆಂಬ ರೂಢಿಯು ಮಾತ್ರ ಅಪಾಯಕರ. ಈ ವಿಷವು ಬಿಸಿಲಿಗಾಗಲಿ ಹೆಂಚಿನ ಕಾವಿಗಾಗಲಿ ಸುಲಭವಾಗಿ ನಾಶವಾಗುವುದಿಲ್ಲ.

ಊಟದ ವಿಷಯಕ್ಕೆ ಬರೋಣ. ಮೆಂತ್ಯ, ಪಾಲಕ್, ರಾಜಗಿರಿ ಮುಂತಾದ ಸೊಪ್ಪುಗಳಲ್ಲಿಯೂ, ಹೆಸರು, ಕಡಲೆ, ಅಲಸಂದೆ, ಶೇಂಗಾಗಳಲ್ಲಿಯೂ ಫೋಲೇಟು ಚೆನ್ನಾಗಿರುವುದು. ಜೋಳದ ರೊಟ್ಟಿಯ ಜೊತೆಗೆ ಎಳೆಯ ಮೆಂತ್ಯಸೊಪ್ಪನ್ನು ಹಸಿಯಾಗಿಯೇ ತಿನ್ನುವ ಬಳ್ಳಾರಿ ಕಡೆಯ ರೂಢಿಯು ಈ ದೃಷ್ಟಿಯಿಂದ ಬಹು ಒಳ್ಳೆಯದು. ಏಕೆಂದರೆ ಫೋಲೇಟು ನೀರಿನಲ್ಲಿ ಕರಗುವುದು, ಬಹಳ ಹೊತ್ತು ಕುದಿಸಿದರೆ ಕೆಡುವುದು. ಸೊಪ್ಪು ಬೇಯಿಸಿ ನೀರನ್ನು ಬಸಿದು ಚೆಲ್ಲಿದರೆ ಅದೂ ಬಚ್ಚಲಿಗೆ ಹೋಗುವುದು. ಬೇಳೆಯ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಅಜ್ಜಿಯರು ತಮಗರಿಯದೆಯೇ ಅದನ್ನು ಉಳಿಸಿಕೊಂಡರು. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಯ ಪಾಲಿಗೆ ಪಲ್ಯದ ಬೋಗುಣಿಯಲ್ಲಿ ಎಷ್ಟು ಉಳಿದಿರುವುದೆಂಬುದು ಬೇರೆಯ ಪ್ರಶ್ನೆ. ಅದಲ್ಲದೆ ಆಹಾರದಲ್ಲಿರುವ ಫೋಲೇಟು ಮಾತ್ರೆಯ ಫೋಲಿಕ್ ಆಮ್ಲದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ರಕ್ತಕ್ಕೆ ಸೇರುವುದು. ಆದುದರಿಂದಲೇ ಅಮೆರಿಕವು ೧೯೯೮ರಿಂದ ಹಿಟ್ಟಿನಲ್ಲಿಯೇ ಅದನ್ನು ಬೆರೆಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಸಾರವರ್ಧಿತ ಅಕ್ಕಿಗೆ ವಿಧಿಸಿದ ಪ್ರಮಾಣವು ಕಿಲೋಗ್ರಾಮಿಗೆ ೭೫ರಿಂದ ೧೨೫ ಮೈಕ್ರೋಗ್ರಾಂ. ದಿನಕ್ಕೆ ೩೦೦ ಗ್ರಾಂ ಅಕ್ಕಿಯನ್ನು ಉಂಡರೂ ದೊರೆಯುವುದು ಹೆಚ್ಚೆಂದರೆ ೩೮, ಬೇಕಾದುದು ೪೦೦.

ಆದುದರಿಂದ ಗರ್ಭವನ್ನು ಬಯಸುವ ಹೆಂಗಸು ಒಂದು ತಿಂಗಳಾದರೂ ಮುಂಚಿನಿಂದ ಮೊದಲ ಮೂರು ತಿಂಗಳು ಮುಗಿಯುವ ವರೆಗೆ ದಿನಕ್ಕೆ ೪೦೦ ಮೈಕ್ರೋಗ್ರಾಂ ಮಾತ್ರೆಯನ್ನು ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವರು. ಹಿಂದೆ ಊನದ ಶಿಶುವನ್ನು ಹೆತ್ತವಳಿಗೆ ಅದರ ಹತ್ತು ಪಟ್ಟಿಗೂ ಕಡಮೆಯಿಲ್ಲದ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡುವರು. ತಾಯಿ ಕಾರ್ಡಿನೊಡನೆ ಬರುವ ಮಾತ್ರೆಯು ರಕ್ತಹೀನತೆಯನ್ನು ಕಳೆಯಲು ಒಳ್ಳೆಯದೇ. ಆದರೆ ನರನಾಳದ ಮಟ್ಟಿಗೆ ಅದು ಬಂಡಿ ಹೋದ ಮೇಲೆ ಬಂದ ಎತ್ತು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿನಿಯರಲ್ಲಿ ಅನೇಕರು ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಬಣ್ಣದ ಮಾತ್ರೆಯನ್ನು ನುಂಗಿರಬಹುದು. ೨೦೧೮ರಲ್ಲಿ ಪ್ರಾರಂಭವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಗೊತ್ತುಮಾಡಿದಂತೆ ಅದರಲ್ಲಿರುವುದು ೬೦ ಮಿಲಿಗ್ರಾಂ ಕಬ್ಬಿಣ, ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಇದು ಗರ್ಭಕ್ಕೆ ಮುಂಚೆಯೇ ಕೈಗೆ ಸೇರುವ ಮಾತ್ರೆ; ಕಾಲದ ಜರಡಿಯಲ್ಲಿ ಇದು ಸಲೀಸಾಗಿ ಇಳಿಯುವುದು. ಪ್ರಮಾಣದ ಜರಡಿಯಲ್ಲಿ ಏನಾಗುವುದೆಂಬುದನ್ನು ನೀವೇ ಲೆಕ್ಕಮಾಡಿ ನೋಡಬಹುದು. ದಿನಕ್ಕೆ ೪೦೦ರಂತೆ ಏಳು ದಿನಗಳಿಗೆ ೨,೮೦೦ ಮೈಕ್ರೋಗ್ರಾಂ. ಮುಟ್ಟಾಗುವ ವಯಸ್ಸಿನ ಹೆಂಗಸರ ವಾರದ ಮಾತ್ರೆಗೆ ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದ ಪ್ರಮಾಣವೂ ಇಷ್ಟೇ. ನಮ್ಮ ನೀಲಿ ಮಾತ್ರೆಯಲ್ಲಿರುವುದು ಅದರ ಆರನೆಯ ಒಂದು ಪಾಲಿಗೂ ತುಸು ಹೆಚ್ಚು.